ಯೀಸ್ಟಿನ ಗೆಜ್ಜೆವಸ್ತ್ರ

ಗೌರಿ ಹಬ್ಬ ಇನ್ನೂ ದೂರ ಇರುವಾಗಲೇ ನಾನು ಗೆಜ್ಜೆವಸ್ತ್ರಕ್ಕೆ ಕೂತುಬಿಡುತ್ತೇನೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಜರಿ ಅಂಟಿಸಿದ್ದು, ಮಿಂಚು ಹಚ್ಚಿದ್ದು ಬೇಕಾದಷ್ಟು ಸಿಗುತ್ತದೆ. ಅದನ್ನು ನಾನು ದೇವರಿಗೆ ಏರಿಸುವುದಿಲ್ಲ. ಮಗ ಸೌಕಾರ್‌ಪೇಟೆಯಿಂದ ಅರಳೆ ತಂದುಕೊಡುತ್ತಾನೆ. ಅದರ ಕಸ ತೆಗೆದು, ಬೆರಳ ತುದಿಗೆ ಹಾಲು ಮುಟ್ಟಿಸಿಕೊಂಡು ಎಳೆ ಹೊಸೆಯಬೇಕು. ಸ್ವಲ್ಪ ಹೊಸೆದು, ಸ್ವಲ್ಪ ಹತ್ತಿಯನ್ನು ಉಬ್ಬಿದ ಹಾಗೆ ಬಿಟ್ಟು, ಮತ್ತೆ ಹೊಸೆಯಬೇಕು. ದಾರದಲ್ಲಿ ಮಲ್ಲಿಗೆ ಮೊಗ್ಗು ಕೂತ ಹಾಗೆ ಗುಂಡು ಗುಂಡಾಗಿ ಒಂದೇ ಸಮ ಬರಬೇಕು. ಆಮೇಲೆ ಕುಂಕುಮದ ಬೊಟ್ಟು. ಚೆನ್ನಾಗಿ ಬಂದದ್ದು ಡಬ್ಬಿಗೆ. ಸೊಟ್ಟಗೆ ಬಂದದ್ದು ಪಕ್ಕಕ್ಕೆ. ಅದನ್ನು ಮತ್ತೆ ಹಿಂಜಿ ದೀಪದ ಬತ್ತಿ ಮಾಡುತ್ತೇನೆ.

ನಮ್ಮ ಹಿರಿಯರು ಯಾವ ಕಾಲದಲ್ಲಿ ಮದ್ರಾಸಿಗೆ ಬಂದರೋ ನನಗೆ ಗೊತ್ತಿಲ್ಲ. ನಾನು ಹುಟ್ಟಿದ್ದು ಇಲ್ಲೇ, ಮದುವೆಯಾಗಿ ಬಂದದ್ದು ಇದೇ ತಿರುವಲ್ಲಿಕ್ಕೇಣಿಗೆ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತಮಿಳು. ಓದಿದ್ದು ಐದನೇ ಕ್ಲಾಸು. ಈಗ ಮನೆಯಲ್ಲಿ ನಾವು ನಾಲ್ಕು ಜನ. ಮಗ ಮಣಲಿಯ ಎಣ್ಣೆ ಕಾರ್ಖಾನೆಗೆ ಹೋಗುತ್ತಾನೆ. ಸೊಸೆ ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ. ಅವರ ಒಬ್ಬಳೇ ಮಗಳು ಅಡ್ಯಾರಿನ ಕಡೆ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಯೀಸ್ಟಿನ ಮೇಲೆ. ಬ್ರೆಡ್ಡು ಉಬ್ಬಿಸುತ್ತಾರಲ್ಲ, ಅದೇ ಯೀಸ್ಟು. ನಾನು ಹುಟ್ಟಿದ ಮೇಲೆ ಬ್ರೆಡ್ಡು ಮುಟ್ಟಿದವಳಲ್ಲ. ಮೊಮ್ಮಗಳು ಅದರ ವಾಸನೆ ಹೊತ್ತುಕೊಂಡೇ ದಿನಾ ಮನೆಗೆ ಬರುತ್ತಾಳೆ.

ಹೋದ ವರ್ಷದ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಅವಳು ಬೇಗ ಬಂದಳು. ನಾನು ನಡುಮನೆಯಲ್ಲಿ ಕಾಲು ಚಾಚಿ ಹತ್ತಿ ಹೊಸೆಯುತ್ತಿದ್ದೆ. ಚಪ್ಪಲಿ ಬಿಟ್ಟವಳು ಅಲ್ಲೇ ನಿಂತು ನನ್ನ ಕೈಯನ್ನೇ ನೋಡಿದಳು.

"ಅಜ್ಜಿ, ಇದೇ ಅಜ್ಜಿ! ನಾನು ದಿನಾ ಹೇಳ್ತೀನಲ್ಲ, ಅದು ಇದೇ!"

"ಮೊದ್ಲು ಕೈಕಾಲು ತೊಳ್ಕೊಂಡು ಬಾ. ಹುಳಿ ಹಿಟ್ಟಿನ ವಾಸನೆ ಹೊಡೀತಿದೀಯ."

ತೊಳೆದುಕೊಂಡು ಬಂದಳು. ಮುಟ್ಟದೆ, ಹತ್ತಿರ ಕೂತು ಬೆರಳು ತೋರಿಸಿದಳು. "ಯೀಸ್ಟಿಂದು ಒಂದು ಕಣ ಇರತ್ತಲ್ಲ, ಕಣ್ಣಿಗೇ ಕಾಣಲ್ಲ, ಅದರೊಳಗೂ ಹೀಗೇ ಒಂದು ಉದ್ದ ದಾರ ಇದೆ. ಅದು ಹೇಗೆ ಬದುಕ್ಬೇಕು, ಏನು ಮಾಡ್ಬೇಕು ಅಂತ ಎಲ್ಲಾ ಆ ದಾರದಲ್ಲೇ ಇರೋದು. ಸುಮ್ನೆ ಬಿಟ್ರೆ ಸಿಕ್ಕಾಗತ್ತೆ. ಅದಕ್ಕೇ ಗುಂಡು ಗುಂಡು ಉಂಡೆಗಳಿಗೆ ಸುತ್ತಿಟ್ಟಿರತ್ತೆ. ದೊಡ್ಡ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಅಪ್ಪಡಿಯೇ, ಹಾಗ್ಹಾಗೇ ನಿನ್ನ ಗೆಜ್ಜೆವಸ್ತ್ರ."

"ದೇವರ ವಸ್ತ್ರಕ್ಕೂ ನಿನ್ನ ಬೂಷ್ಟಿಗೂ ಗಂಟು ಹಾಕ್ಬೇಡ."

"ಬೂಷ್ಟಲ್ಲ ಅಜ್ಜಿ, ಯೀಸ್ಟು."

"ನನಗೆ ಎರಡೂ ಒಂದೇ. ಎರಡೂ ಹಳಸಿದ್ದರಲ್ಲೇ ಬೆಳೆಯೋದು."

ನಕ್ಕಳು. ಆದರೆ ಬಿಡಲಿಲ್ಲ. ನನ್ನ ಗೆಜ್ಜೆವಸ್ತ್ರದಲ್ಲಿ ಉಂಡೆಯೂ ಎಳೆಯೂ ಒಂದೇ ಹತ್ತಿ, ಅದರಲ್ಲಿ ಉಂಡೆ ಬೇರೆ ದಾರ ಬೇರೆ ಎಂದಳು. ಉಂಡೆಗೆ ಹಿಸ್ಟೋನ್ ಎಂದು ಹೆಸರು. ಉಂಡೆಗೆ ಸುತ್ತಿದ ದಾರ ಒಟ್ಟಿಗೆ ಕ್ರೊಮ್ಯಾಟಿನ್. ಒಂದು ಕಣ ಎರಡಾಗುವ ಮುಂಚೆ ದಾರ ಎರಡಾಗುತ್ತದೆ. ಆಗ ಹೊಸ ದಾರಕ್ಕೆ ಹೊಸ ಉಂಡೆಗಳು ಬೇಕು, ಸರಿಯಾಗಿ ಆ ಹೊತ್ತಿಗೇ ಬೇಕು. ಕಮ್ಮಿಯಾದರೆ ದಾರ ಬಯಲಾಗುತ್ತದೆ, ಮುಚ್ಚಿರಬೇಕಾದದ್ದೆಲ್ಲ ತೆರೆದುಕೊಳ್ಳುತ್ತದೆ. ಹೆಚ್ಚಾದರೂ ಕಷ್ಟ.

ಇವಳು ಓದುತ್ತಿರುವ ಜೀನಿನ ಕೆಲಸ, ಉಂಡೆ ಮಾಡುವ ಜೀನುಗಳ ಬಾಗಿಲಲ್ಲಿ ಕೂತು "ಈಗ ಶುರು ಮಾಡು" ಎಂದು ಹೇಳುವವನನ್ನು ತಯಾರು ಮಾಡುವುದು. ನನಗೆ ತಿಳಿದದ್ದು ಇಷ್ಟು: ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಅಕ್ಕಿ ಯಾವಾಗ ಹಾಕಬೇಕೆಂದು ಒಬ್ಬ ಅಡುಗೆಯವರಿಗೆ ಕೂಗಿ ಹೇಳುತ್ತಾನೆ. ಬೇಗ ಹೇಳಿದರೆ ಅನ್ನ ತಣ್ಣಗಾಗುತ್ತದೆ, ತಡವಾದರೆ ಜನ ಬರಿ ಎಲೆ ಮುಂದೆ ಕೂರುತ್ತಾರೆ. ಆ ಮನುಷ್ಯನನ್ನು ಓಡಿಸಿಬಿಟ್ಟರೆ ಪಂಕ್ತಿ ಏನಾಗುತ್ತದೆ ಎಂದು ನೋಡುವುದು ಇವಳ ಪಿಎಚ್‌ಡಿ.

"ಅದಕ್ಕೇನಾದ್ರೂ ಹೆಸರು ಇದೆಯೇನೇ?"

"ಎಸ್‌ಪಿಟಿ ಟೆನ್."

"ಬಸ್ ನಂಬರಿದ್ದ ಹಾಗಿದೆ."

ಫೋನಿನಲ್ಲಿ ಚಿತ್ರ ತೋರಿಸಿದಳು. ಎರಡು ಗುಂಡು ತಟ್ಟೆ. ಒಂದರಲ್ಲಿ ನೆನೆಸಿದ ಸಾಬಕ್ಕಿಯ ಹಾಗೆ ಬೆಳ್ಳಗೆ ದುಂಡಗೆ ಬೆಳೆದಿದ್ದವು. ಇನ್ನೊಂದರಲ್ಲಿ ಗಸಗಸೆಯಷ್ಟು. ಎರಡನ್ನೂ ಒಂದೇ ದಿನ ಹಾಕಿದ್ದಂತೆ. ಗಸಗಸೆಯಷ್ಟು ಇರುವವು ಆ ಜೀನು ಕಿತ್ತುಹಾಕಿದವು.

"ಸತ್ತುಹೋಗಿದ್ಯಾ?" ಎಂದು ಕೇಳಿದೆ.

"ಇಲ್ಲ ಅಜ್ಜಿ. ಸಾಯಲ್ಲ. ಬೆಳೆಯೋದು ರೊಂಬ ಸ್ಲೋ, ಅಷ್ಟೇ. ತಿನ್ನೋಕೆ ಎಲ್ಲಾ ಇದೆ, ಮೈಗೆ ಹತ್ತಲ್ಲ."

ನಾನು ಹತ್ತಿ ಕೆಳಗಿಟ್ಟೆ. ಫೋನನ್ನು ಕೈಗೆ ತೆಗೆದುಕೊಂಡು ಮತ್ತೆ ನೋಡಿದೆ.

ನನ್ನ ಎರಡನೇ ಮಗು ಹಾಗೇ ಇತ್ತು. ಹೆಣ್ಣು. ಈ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಮೊಮ್ಮಗಳಿಗೆ ಗೊತ್ತೇ ಇರಲಿಲ್ಲ. ಹುಟ್ಟುವಾಗ ಏನೂ ಕಮ್ಮಿ ಇರಲಿಲ್ಲ. ಆಮೇಲೆ ಬೆಳೆಯಲಿಲ್ಲ. ಮೂರು ವರ್ಷವಾದರೂ ವರ್ಷದ ಮಗುವಿನ ಅಳತೆ. ಹಾಲು ಕುಡಿಯುತ್ತಿತ್ತು, ಅನ್ನ ತಿನ್ನುತ್ತಿತ್ತು, ನನ್ನ ಮುಖ ನೋಡಿ ನಗುತ್ತಿತ್ತು. ಮೈ ಮಾತ್ರ ಬರಲಿಲ್ಲ. ಡಾಕ್ಟರುಗಳಿಗೆ ತೋರಿಸಿದೆವು. ಒಬ್ಬರು ಲಿವರ್ ಎಂದರು. ಒಬ್ಬರು ತಾಯಿಯ ಹಾಲು ಒಗ್ಗಲಿಲ್ಲ ಎಂದರು. ಅತ್ತೆ ದೃಷ್ಟಿ ಎಂದರು. ಕೊನೆಗೆ ಒಬ್ಬ ವೈದ್ಯ ಲೇಹ್ಯ ಕೊಟ್ಟ. ಆ ಬೇಸಿಗೆ ಮಗು ಸ್ವಲ್ಪ ತುಂಬಿಕೊಂಡಿತು, ಕೆನ್ನೆ ಬಂತು. "ಪಾತ್ತೀಂಗಳಾ ಅಮ್ಮಾ, ನೋಡಿದ್ರಾ ನನ್ನ ಲೇಹ್ಯ!" ಎಂದು ಆ ಮನುಷ್ಯ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಲೇಹ್ಯ ನಿಲ್ಲಿಸಲೇ ಇಲ್ಲ, ಕೊಡುತ್ತಲೇ ಇದ್ದೆ. ಐಪ್ಪಸಿ ತಿಂಗಳ ಮಳೆ ಹಿಡಿದಾಗ ಮಗು ಮತ್ತೆ ಒಣಗಿತು. ಕಾರ್ತಿಕದಲ್ಲಿ ಹೋಯಿತು.

ಇಷ್ಟನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಹತ್ತಿರ ಸರಿದು ಕೂತಳು. ನಾನೇ ಕೇಳಿದೆ.

"ಆ ಮಗೂಗೂ ಇಂಥದ್ದೇ ಏನೋ ಒಂದು ಇಲ್ದೇ ಹೋಗಿತ್ತಾ?"

ಹೌದು ಎನ್ನಬಹುದಾಗಿತ್ತು. ಅಂದಿದ್ದರೆ ನಾನು ನಂಬಿಬಿಡುತ್ತಿದ್ದೆ, ಇಷ್ಟು ವರ್ಷದ ಮೇಲೆ ಒಂದು ಹೆಸರಾದರೂ ಸಿಕ್ಕಿತು ಎಂದುಕೊಳ್ಳುತ್ತಿದ್ದೆ. ಅವಳು ತಲೆ ಬಗ್ಗಿಸಿ ಯೋಚನೆ ಮಾಡಿದಳು.

"ತೆರಿಯಾದು ಅಜ್ಜಿ. ಗೊತ್ತಿಲ್ಲ. ಉಂಡೆಗಳು ನಮ್ಮ ಮೈಯಲ್ಲೂ ಹೆಚ್ಚುಕಮ್ಮಿ ಅದೇ ಥರ ಇವೆ. ಆದ್ರೆ ಈ ಜೀನು ಇದೇ ರೂಪದಲ್ಲಿ ಮನುಷ್ಯರಲ್ಲಿ ಇಲ್ಲ. ಬೇರೆ ಎಷ್ಟೋ ಕಾರಣ ಇರಬಹುದು. ನಾನು ಹೇಳಕ್ಕಾಗಲ್ಲ."

ಆ ಮಗುವಿನ ವಿಷಯದಲ್ಲಿ ಗೊತ್ತಿಲ್ಲ ಎಂದು ಹೇಳಿದ ಮೊದಲನೆಯವಳು ಅವಳೇ. ನನಗೆ ಸಮಾಧಾನವಾಗಲಿಲ್ಲ. ಆದರೆ ಅವಳ ಓದಿನ ಮೇಲೆ ಒಂದು ಮರ್ಯಾದೆ ಬಂತು. ಅಲ್ಲಿಂದ ಮುಂದೆ ಅವಳು ಲ್ಯಾಬಿನ ಮಾತು ಎತ್ತಿದಾಗ ನಾನು ಟಿವಿಯ ಸದ್ದು ತಗ್ಗಿಸುತ್ತಿದ್ದೆ.

ಹಬ್ಬ ಕಳೆಯಿತು, ನವರಾತ್ರಿ ಕಳೆಯಿತು. ಪೊಂಗಲ್ ಹೊತ್ತಿಗೆ ಮನೆಗೆ ಒಂದು ಸಂತೋಷ ಬಂತು. ಅವಳು ಆ ಸೊರಗಿದ ಯೀಸ್ಟಿನ ಊಟಕ್ಕೆ ಬೇರೆ ಬೇರೆ ಪುಡಿ ಬೆರೆಸಿ ನೋಡುತ್ತಿದ್ದಳು. ಅದರಲ್ಲಿ ಒಂದು ಪುಡಿಗೆ ಅವು ಬೆಳೆಯತೊಡಗಿದವು. ಫೋನಿನಲ್ಲಿ ತೋರಿಸಿದಳು, ಗಸಗಸೆಗಳ ನಡುವೆ ಅಲ್ಲೊಂದು ಇಲ್ಲೊಂದು ಸಾಬಕ್ಕಿ. ಇನ್ನೊಂದು ತಿಂಗಳಿಗೆ ತಟ್ಟೆ ಪೂರ್ತಿ ಸಾಬಕ್ಕಿ. ಅವಳ ಗೈಡ್ ಮೇಡಮ್ಮು ತಾವಾಗಿ ಇವಳ ಮೇಜಿನ ಹತ್ತಿರ ಬಂದು ನಿಂತು ನೋಡಿದರಂತೆ. ಇದನ್ನು ಬರೆದು ಪತ್ರಿಕೆಗೆ ಕಳಿಸೋಣ, ಥೀಸಿಸ್ಸಿಗೆ ಇದೇ ನಡುಗಂಬ ಎಂದರಂತೆ. ಸೊಸೆ ಆ ಖುಷಿಗೆ ಮತ್ತೆ ಸಕ್ಕರೆ ಪೊಂಗಲ್ ಮಾಡಿ ಇನ್ನೊಂದು ಹಿಡಿ ಗೋಡಂಬಿ ಹಾಕಿದಳು. ಮಗ ಮಣಲಿಯಲ್ಲಿ ಜೊತೆಗಾರರಿಗೆಲ್ಲ ಹೇಳಿಕೊಂಡ, "ಎನ್ ಪೊಣ್ಣು, ನನ್ನ ಮಗಳು, ಕ್ಯಾನ್ಸರಿಗೇ ಮದ್ದು ಕಂಡುಹಿಡಿದಿದ್ದಾಳೆ" ಎಂದು. ಅಪ್ಪಾ, ಅದು ಯೀಸ್ಟು, ಕ್ಯಾನ್ಸರ್ ಅಲ್ಲ ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ.

ನನಗೆ ಒಳಗೊಳಗೇ ಆ ಲೇಹ್ಯದವನ ನೆನಪು ಬಂತು. ಬಾಯಿ ಬಿಡಲಿಲ್ಲ. ಒಳ್ಳೆ ಸುದ್ದಿಯ ಮುಂದೆ ಇಂಥ ಮುದುಕಿಯರ ಮಾತು ಯಾರಿಗೆ ಬೇಕು. ನನಗೆ ಆ ಪುಡಿಯ ವಿಷಯ ಏನು ತಾನೇ ಗೊತ್ತಿತ್ತು.

ಮೇ ತಿಂಗಳ ಕತ್ತರಿ ಬಿಸಿಲಿನ ಒಂದು ಮಧ್ಯಾಹ್ನ ಅವಳು ಊಟದ ಹೊತ್ತಿಗೇ ಮನೆಗೆ ಬಂದಳು. ಕೈ ತೊಳೆಯಲಿಲ್ಲ. ಬಂದು ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಮೋರೆ ಸುಣ್ಣ ಬಳಿದ ಹಾಗಿತ್ತು.

"ಜ್ವರಾನೇನೇ?"

"ಇಲ್ಲ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರಿಗೂ ಇನ್ನೂ ಗೊತ್ತೇ ಇಲ್ಲ ಅಜ್ಜಿ. ಆ ಪುಡಿಯಿಂದ ಏನೂ ಆಗ್ತಿಲ್ಲ."

ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದಳು. ಆಮೇಲೆ ಹೇಳಿದಳು. ಅವಳು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿ ಅರ್ಥ ಮಾಡಿಕೊಂಡೆ.

ಯೀಸ್ಟನ್ನು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ವಾರವಾರ ಹಾಕುತ್ತಾ ಹೋಗಬೇಕು, ನಾವು ಹೆಪ್ಪು ಉಳಿಸಿಕೊಂಡು ದಿನಾ ಹಾಲಿಗೆ ಹಾಕುವ ಹಾಗೆ. ಇವಳು ಎರಡು ಸಾಲು ಇಟ್ಟುಕೊಂಡಿದ್ದಳು, ಒಂದು ಬರಿ ಊಟದ್ದು, ಒಂದು ಪುಡಿ ಬೆರೆಸಿದ್ದು. ಪ್ರತಿ ಸಲ ತಟ್ಟೆಯಿಂದ ಒಂದು ಚುಕ್ಕಿಯನ್ನು ಆರಿಸಿ ಕಡ್ಡಿಯಿಂದ ಎತ್ತಿ ಹೊಸ ತಟ್ಟೆಗೆ ಗೀಚಬೇಕು. ಬರಿ ಊಟದ ತಟ್ಟೆಯಿಂದ ಗಸಗಸೆಯಂಥದ್ದನ್ನೇ ಎತ್ತುತ್ತಿದ್ದಳು, ಅಲ್ಲಿ ಅವು ಹಾಗೇ ಇರಬೇಕು ಎಂದು. ಪುಡಿ ಬೆರೆಸಿದ ತಟ್ಟೆಯಿಂದ ದುಂಡಗಿದ್ದದ್ದನ್ನು ಎತ್ತುತ್ತಿದ್ದಳು, ಇಲ್ಲಿ ಅವು ಚೆನ್ನಾಗಿರಬೇಕು ಎಂದು.

"ನಾನು ಚೆನ್ನಾಗಿರೋದನ್ನೇ ಆರಿಸ್ದೆ ಅಜ್ಜಿ. ಚಿಕ್ಕೋಳಿದ್ದಾಗಿಂದ ನೀನು ಹತ್ತಿ ಆರಿಸಕ್ಕೆ ಕೂರಿಸ್ತಿದ್ಯಲ್ಲ, ಒಳ್ಳೇದು ಡಬ್ಬಿಗೆ, ಸೊಟ್ಟದ್ದು ಪಕ್ಕಕ್ಕೆ ಅಂತ. ಕೈ ತಾನಾಗೇ ಅಲ್ಲಿಗೇ ಹೋಯ್ತು."

"ಒಳ್ಳೇದನ್ನ ಆರಿಸಿದ್ರೆ ಏನು ತಪ್ಪು?"

"ಸೊರಗಿದ್ದರ ಮಧ್ಯೆ ಒಂದು ದುಂಡಗಿದೆ ಅಂದ್ರೆ ಅದು ಆಗ್ಲೇ ಬೇರೆ ಆಗಿಹೋಗಿದೆ ಅಂತ ಅರ್ಥ. ಅದರ ದಾರದಲ್ಲಿ ಇನ್ನೆಲ್ಲೋ ಏನೋ ಬದಲಾಗಿ, ತಾನೇ ನೆಟ್ಟಗಾಗಿರತ್ತೆ. ಪುಡಿ ಇದ್ರೂ ಆಗತ್ತೆ, ಇಲ್ದಿದ್ರೂ ಆಗತ್ತೆ. ನಾನು ವಾರವಾರ ಅದನ್ನೇ ಎತ್ತಿ ಎತ್ತಿ ಬೆಳೆಸಿದ್ದೀನಿ. ನಾನು ಕಿತ್ತ ಜೀನು ಈಗ್ಲೂ ಇಲ್ಲ. ಆದ್ರೆ ಅದು ನನ್ನ ಯೀಸ್ಟೇ ಅಲ್ಲ ಈಗ."

"ಹೇಗೆ ಗೊತ್ತಾಯ್ತು?"

"ನೆಟ್ಟಗಾಗಿದ್ದನ್ನ ಪುಡಿ ಇಲ್ಲದ ತಟ್ಟೆಗೆ ಹಾಕಿದೆ. ಚೆನ್ನಾಗೇ ಬೆಳೀತು. ಆಮೇಲೆ ಫ್ರೀಜರಲ್ಲಿ ಮೊದಲು ಎತ್ತಿಟ್ಟಿದ್ದನ್ನ ತೆಗೆದು ಪುಡಿ ಹಾಕಿದ ತಟ್ಟೆಗೆ ಹಾಕಿದೆ. ಗಸಗಸೆ. ಎಷ್ಟು ಸಲ ಮಾಡಿದ್ರೂ ಗಸಗಸೆ."

ಅಷ್ಟು ಹೊತ್ತಿಗೆ ಅವಳ ಬರವಣಿಗೆ ಮುಗಿದಿತ್ತು. ಬರುವ ವಾರ ಮೇಡಮ್ಮು ಅದನ್ನು ಪತ್ರಿಕೆಗೆ ಕಳಿಸುವವರಿದ್ದರು. ಸ್ಕಾಲರ್‌ಶಿಪ್ಪಿನ ಕಡೆಯ ವರ್ಷ. ಈಗ ಬಾಯಿ ಬಿಟ್ಟರೆ ಥೀಸಿಸ್ಸಿನ ನಡುಗಂಬವೇ ಬಿದ್ದುಹೋಗುತ್ತದೆ. ಸುಮ್ಮನಿದ್ದರೆ ಬೇರೆ ಯಾರಾದರೂ ಇದನ್ನು ಮತ್ತೆ ಮಾಡಿ ನೋಡುವವರೆಗೂ ಒಬ್ಬರಿಗೂ ಗೊತ್ತಾಗುವುದಿಲ್ಲ. ಮಾಡಿ ನೋಡದೆಯೂ ಇರಬಹುದು.

ಸಂಜೆ ಸೊಸೆ ಬ್ಯಾಂಕಿನಿಂದ ಬಂದಳು. ಮಗಳ ಮುಖ ನೋಡಿ ಕೇಳಿದಳು, ಎಲ್ಲ ತಿಳಿದುಕೊಂಡಳು. ಕೈಚೀಲವನ್ನು ಕುರ್ಚಿಗೆ ನೇತುಹಾಕಿ ಅಲ್ಲೇ ನಿಂತಳು.

"ಪುಡಿ ಹಾಕಿದ ತಟ್ಟೇಲಿ ಬೆಳೀತೋ ಇಲ್ವೋ?"

"ಬೆಳೀತು ಅಮ್ಮಾ, ಆದ್ರೆ..."

"ಬೆಳೀತು ತಾನೆ? ನೀನು ನೋಡಿದ್ದನ್ನ ಬರೆದಿದೀಯ. ಸುಳ್ಳು ಬರೆದಿಲ್ವಲ್ಲ. ಮೊದ್ಲು ಡಿಗ್ರಿ ಕೈಗೆ ಬರ್ಲಿ ಕಣೆ. ಆಮೇಲೆ ಸಾವಧಾನವಾಗಿ ಸರಿ ಮಾಡ್ಕೊಂಡ್ರಾಯ್ತು. ಯಾರು ಓಡಿಸ್ಕೊಂಡು ಬರ್ತಾರೆ?"

"ಅಮ್ಮಾ, ಅದು ತಪ್ಪು ಅಂತ ನನಗೆ ಗೊತ್ತಾಗಿದೆಯಲ್ಲ."

"ನಿನಗೆ ಗೊತ್ತಾಗಿದ್ದು ಈವಾಗ. ಬರೆದಾಗ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಹಗಲೂ ರಾತ್ರಿ ಅಂತ ನೋಡದೆ ಆ ಬೂಷ್ಟಿನ ಮುಂದೆ ಕೂತಿದೀಯ. ಒಂದು ಮದುವೆ ಮಾತು ಬಂದ್ರೆ ಥೀಸಿಸ್ ಆಗ್ಲಿ ಅಂತೀಯ. ಈಗ ಇದೂ ಇಲ್ಲ ಅಂದ್ರೆ? ಅತ್ತೆ, ನೀವಾದ್ರೂ ಹೇಳಿ ಇವಳಿಗೆ."

ಸೊಸೆ ಕೆಟ್ಟವಳಲ್ಲ. ಮಗಳು ಸೋತು ಮನೆಯಲ್ಲಿ ಕೂರುವುದನ್ನು ನೋಡಲಾರಳು, ಅಷ್ಟೆ. ಮಣಲಿಯಿಂದ ಆಗತಾನೇ ಬಂದ ಮಗ ಶರಟು ಬಿಚ್ಚುತ್ತಾ ಒಬ್ಬೊಬ್ಬರ ಮುಖ ನೋಡಿದ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಯಾವಾಗಲೂ ಹಾಗೆ.

ಮೊಮ್ಮಗಳೂ ನನ್ನ ಕಡೆ ತಿರುಗಿದಳು. "ಏನು ಮಾಡ್ಲಿ ಅಜ್ಜಿ?"

"ನನ್ನ ಕೇಳ್ಬೇಡ. ನಾನು ಐದನೇ ಕ್ಲಾಸು."

"ಅಜ್ಜೀ."

"ಲೇಹ್ಯದಿಂದ ಮಗು ಗುಣ ಆಯ್ತು ಅಂತ ಹೇಳ್ಕೊಂಡು ತಿರುಗಿದೋರು ನಮ್ಮನೇಗೆ ಬಂದು ಹೋಗಿದ್ದಾರೆ. ನಾನು ನಂಬಿದೆ. ನಂಬಿ ಅದನ್ನೇ ಕೊಡ್ತಾ ಕೂತೆ, ಬೇರೆ ಯಾರ ಹತ್ರಾನೂ ಕರ್ಕೊಂಡು ಹೋಗ್ಲಿಲ್ಲ. ಕರ್ಕೊಂಡು ಹೋಗಿದ್ರೂ ಉಳೀತಿತ್ತೋ ಇಲ್ವೋ, ಅದು ಬೇರೆ. ನಿನ್ನ ಪುಡೀನೂ ಹಾಗೇ ಹೇಳ್ಕೊಂಡು ತಿರುಗ್ಬೇಕು ಅಂದ್ರೆ ತಿರುಗು. ಯಾರು ಬೇಡ ಅಂತಾರೆ?"

ಸೊಸೆ ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆ ಸತ್ತ ಮಗುವಿನ ಸುದ್ದಿ ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ಕುಕ್ಕರ್ ಇಟ್ಟಳು, ಅದರ ಮುಚ್ಚಳವನ್ನು ಎಂದಿಗಿಂತ ಜೋರಾಗಿ ಒತ್ತಿದಳು.

ಮಾರನೆಯ ದಿನ ಬೆಳಗ್ಗೆ ಮೊಮ್ಮಗಳು ಎರಡು ಇಡ್ಲಿ ತಟ್ಟೆಯಲ್ಲೇ ಬಿಟ್ಟು ಬಸ್ಸಿಗೆ ಹೋದಳು. ಮೇಡಮ್ಮಿಗೆ ಹೇಳಿದಳಂತೆ. ತಟ್ಟೆಗಳನ್ನೆಲ್ಲ ಸಾಲಾಗಿ ಅವರ ಮೇಜಿನ ಮೇಲೆ ಇಟ್ಟಳಂತೆ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರಂತೆ. ಕೊನೆಗೆ "ಇದನ್ನು ನಾನೂ ಗಮನಿಸಬೇಕಿತ್ತು" ಎಂದರಂತೆ. ಅಷ್ಟೇ. ಬರೆದದ್ದನ್ನು ಕಳಿಸಲಿಲ್ಲ.

ಅದರಿಂದ ಅವಳಿಗೆ ಒಳ್ಳೆಯದೇನೂ ಆಗಲಿಲ್ಲ. ಕೇಳಿದವರೆಲ್ಲ ನಿಜ ಹೇಳಿದ್ದಕ್ಕೆ ಕೊನೆಗೆ ಏನೋ ಫಲ ಸಿಕ್ಕಿರಬೇಕು ಎಂದು ಕಾಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಅವು ತಾವಾಗಿ ಹೇಗೆ ನೆಟ್ಟಗಾದವು ಎಂಬುದನ್ನಾದರೂ ಥೀಸಿಸ್ಸಿಗೆ ಮಾಡಬಹುದಲ್ಲ ಎಂದು ನಾನೇ ಕೇಳಿದೆ. ಅದನ್ನು ಬೇರೆ ದೇಶದವರು ಎಂದೋ ನೋಡಿ ಮುಗಿಸಿದ್ದಾರೆ ಅಜ್ಜಿ ಎಂದಳು. ಪುಡಿ ಹಾಕಿದರೆ ಏನೂ ಆಗುವುದಿಲ್ಲ ಎಂಬುದು ಥೀಸಿಸ್ಸಿನಲ್ಲಿ ಒಂದು ಪುಟ ಬರುತ್ತದಂತೆ. ಮಿಕ್ಕದ್ದನ್ನು ಮೊದಲಿಂದ ಮಾಡಬೇಕು, ಫ್ರೀಜರಿನಿಂದ ತೆಗೆದು. ಸ್ಕಾಲರ್‌ಶಿಪ್ಪು ನಿಂತಿತು. ಜೊತೆಗೆ ಸೇರಿದ ಹುಡುಗಿಯರು ಒಬ್ಬೊಬ್ಬರಾಗಿ ಮುಗಿಸಿ ಹೋದರು. ಇವಳು ಅದೇ ಬಸ್ಸಿನಲ್ಲಿ ಅದೇ ಹೊತ್ತಿಗೆ ಹೋಗಿ ಬರುತ್ತಾಳೆ. ಸೊಸೆ ಕೆಲವು ದಿನ ಮಗಳ ಹತ್ತಿರ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ, "ಇವತ್ತಾದ್ರೂ ಪೂರ್ತಿ ತಿನ್ನು, ನೀನೂ ನಿನ್ನ ಯೀಸ್ಟಿನ ಹಾಗೇ ಆಗಿದೀಯ" ಎಂದಳು. ಅಲ್ಲಿಗೆ ಮಾತು ಬಂತು.

ಹಳೆಯ ನೆಟ್ಟಗಾದ ತಟ್ಟೆಗಳನ್ನು ಹಾಗೇ ಕಸಕ್ಕೆ ಹಾಕುವಂತಿಲ್ಲವಂತೆ. ದೊಡ್ಡ ಕುಕ್ಕರಿನಂಥದ್ದರಲ್ಲಿ ಹಬೆಯಲ್ಲಿ ಬೇಯಿಸಿ ಕೊಂದು ಆಮೇಲೆ ಎಸೆಯಬೇಕು. ಅದಕ್ಕೆ ಲ್ಯಾಬಿನಲ್ಲಿ ಆಳಿದ್ದಾರೆ. ಇವಳು ಅವರಿಗೆ ಕೊಡಲಿಲ್ಲ, ತಾನೇ ಮಾಡಿದಳು. ಅಷ್ಟು ಚೆನ್ನಾಗಿ ಬೆಳೆದಿದ್ದವು ಅಜ್ಜಿ ಎಂದಳು.

ಈ ವರ್ಷ ಹಬ್ಬಕ್ಕೆ ಮುಂಚೆ ನನ್ನ ಕಣ್ಣಿನ ಪೊರೆ ತೆಗೆಸಿದರು. ಅಡ್ಯಾರಿನಲ್ಲೇ ಕಣ್ಣಿನ ಆಸ್ಪತ್ರೆ. ಕಡೆಯ ಸಲ ತೋರಿಸಿಕೊಂಡು ಬರುವಾಗ ಮೊಮ್ಮಗಳು ಜೊತೆಗಿದ್ದಳು. ಆಟೋ ಹತ್ತುವ ಮುಂಚೆ, "ನಿನ್ನ ಲ್ಯಾಬು ಇಲ್ಲೇ ಎಲ್ಲೋ ಅಲ್ವಾ, ತೋರಿಸು" ಎಂದೆ.

"ಈಗ್ಲಾ? ಅಲ್ಲೆಲ್ಲಾ ಮುಟ್ಟೋ ಹಾಗಿಲ್ಲ ಅಜ್ಜಿ."

"ಮುಟ್ಟೋ ಹಾಗಿಲ್ಲ ಅಂತ ನನಗೆ ನೀನು ಹೇಳ್ಕೊಡ್ತೀಯೇನೇ? ಮಡೀಲಿ ಬೆಳೆದೋಳು ನಾನು."

ಬಾಗಿಲಲ್ಲಿದ್ದ ವಾಚ್‌ಮನ್ ನನ್ನ ಒಂಬತ್ತು ಗಜದ ಸೀರೆ, ಕಪ್ಪು ಕನ್ನಡಕ ನೋಡಿ, "ಪಾಟಿ, ನೀಂಗಳುಂ ಪಿಎಚ್‌ಡಿಯಾ?" ಎಂದ, ಅಜ್ಜಿ ನೀವೂ ಪಿಎಚ್‌ಡಿಯಾ ಎಂದು. "ಆಮಾಂಪ್ಪಾ, ಪೋನ ವಾರಂದಾನ್ ಸೇರ್ಂದೇನ್," ಎಂದೆ. ಹೋದ ವಾರ ತಾನೇ ಸೇರಿಕೊಂಡೆ ಎಂದರೆ ನಂಬಿದವನ ಹಾಗೆ ಸಲಾಂ ಹೊಡೆದ.

ಲ್ಯಾಬು ಎಂದರೆ ಏನೋ ಎಂದುಕೊಂಡಿದ್ದೆ. ನಮ್ಮ ಅಡುಗೆಮನೆಗಿಂತ ಇಕ್ಕಟ್ಟು. ಬಾಟಲಿಗಳು, ತಟ್ಟೆಗಳ ಅಟ್ಟಿ, ಗುಯ್ಗುಟ್ಟುವ ಪೆಟ್ಟಿಗೆಗಳು, ಎಲ್ಲದರ ಮೇಲೂ ಆ ಹುಳಿ ವಾಸನೆ. ಮೊಮ್ಮಗಳು ಕೈಗೆ ಸ್ಪಿರಿಟ್ ಹಚ್ಚಿಕೊಂಡು, ಮೇಜು ಒರೆಸಿ, ಅಲ್ಲಿದ್ದ ಸಣ್ಣ ಬರ್ನರು ಹಚ್ಚಿದಳು. ಯಾವುದನ್ನೂ ಬರಿಗೈಯಲ್ಲಿ ಮುಟ್ಟುವುದಿಲ್ಲ, ತೆರೆದ ತಟ್ಟೆಯ ಮುಂದೆ ಮಾತಾಡುವುದಿಲ್ಲ. ಮನೆಯಲ್ಲಿ ಮಡಿ ಎಂದರೆ ಮುಖ ಸಿಂಡರಿಸುತ್ತಾಳೆ.

ಮೊದಲು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಸ್ವಲ್ಪ ಹೊತ್ತು ನನ್ನ ರೆಪ್ಪೆಯೇ ಕಾಣಿಸಿತು. ಆಮೇಲೆ ಸರಿಯಾಯಿತು. ಆರೋಗ್ಯವಾಗಿರುವವು ದುಂಡಗೆ, ಪಕ್ಕದಲ್ಲಿ ಮರಿ ಮೂಡಿಸಿಕೊಂಡು ಇದ್ದವು. ಗಾಜು ಬದಲಾಯಿಸಿದಳು. ಜೀನು ಕಿತ್ತವು. ಒಂದು ದೊಡ್ಡದು, ಒಂದು ಸೊಟ್ಟ, ಒಂದು ಮರಿಯನ್ನು ಬಿಡಲಾರದೆ ಅಂಟಿಕೊಂಡೇ ಇತ್ತು. ಇದರೊಳಗಿನ ದಾರ ಎಲ್ಲಿ ಎಂದು ಕೇಳಿದೆ. ಅದು ಈ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲವಂತೆ, ಅದಕ್ಕೆ ಇನ್ನೂ ದೊಡ್ಡದು ಬೇಕಂತೆ. ಉಂಡೆ ಎಷ್ಟು, ದಾರ ಎಷ್ಟು ಸಡಿಲ ಎಂಬುದನ್ನು ಬೇರೆ ದಾರಿಯಲ್ಲಿ ತಿಳಿದುಕೊಳ್ಳುತ್ತಾರಂತೆ. ನಾನು ಕಣ್ಣು ತೆಗೆಯದೆ ನೋಡಿದೆ. ಅಳು ಬರಲಿಲ್ಲ. ಆ ಮಗು ಹೋದಾಗ ಅತ್ತದ್ದೇ ಸಾಕಷ್ಟಾಗಿದೆ. ಅಂಟಿಕೊಂಡಿದ್ದ ಮರಿ ಬಿಡುತ್ತದೋ ಎಂದು ಕಾದೆ. ಬಿಡಲಿಲ್ಲ.

"ಸಾಕಾ ಅಜ್ಜಿ? ಕಣ್ಣು ನೋಯತ್ತೆ."

"ಸಾಕು."

ಆಮೇಲೆ ಅವಳು ತನ್ನ ಕೆಲಸಕ್ಕೆ ಕೂತಳು. ಫ್ರೀಜರಿನಿಂದ ತೆಗೆದು ಹೊಸದಾಗಿ ಬೆಳೆಸಿದ ತಟ್ಟೆಯಂತೆ. ಅಂದು ಅದನ್ನು ಇನ್ನೊಂದಕ್ಕೆ ಹಾಕಬೇಕಿತ್ತು. ಮುಚ್ಚಳ ಸ್ವಲ್ಪವೇ ಎತ್ತಿ ಬೆಳಕಿಗೆ ಹಿಡಿದಳು. ತಟ್ಟೆಯ ತುಂಬ ಗಸಗಸೆ. ಬಲಗಡೆ ಒಂದೇ ಒಂದು ದುಂಡಗೆ, ಹೊಳೆಯುತ್ತಾ, ಸಾಬಕ್ಕಿಯ ಹಾಗೆ ಕೂತಿತ್ತು. ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ನನ್ನದೂ ಹೋಯಿತು. ಅವಳದೂ ಹೋಯಿತು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಡಬ್ಬಿಯಿಂದ ಹಲ್ಲುಕಡ್ಡಿಯಂಥದ್ದೊಂದನ್ನು ತೆಗೆದಳು. ಕೈ ಆ ದುಂಡಗಿನದನ್ನು ದಾಟಿ ಒಂದು ಸಣ್ಣದರ ಮೇಲೆ ನಿಂತಿತು.

"ಇನ್ನೂ ಸಣ್ಣದಿದೆ ನೋಡು," ಎಂದೆ. "ಆ ಅಂಚಿಗೆ."

"ಎಲ್ಲಿ? ನಿನಗೆ ಕಾಣ್ತಾ?"

"ಹೊಸ ಕಣ್ಣು."

ಬಗ್ಗಿ ನೋಡಿದಳು. ಇತ್ತು. ಇದ್ದೂ ಇಲ್ಲದಷ್ಟು. ತೀರಾ ಸಣ್ಣದೂ ಬೇಡ ಅಜ್ಜಿ, ನಡುವಿನದು, ಎಲ್ಲದರ ಹಾಗಿರುವುದು ಒಂದಷ್ಟು ಎತ್ತಬೇಕು, ಒಂದನ್ನೇ ನಂಬಬಾರದು ಎಂದಳು. ಹಾಗೆಂದು ಒಂದೊಂದಕ್ಕೂ ಹೊಸ ಕಡ್ಡಿ ತೆಗೆದುಕೊಂಡು, ಎತ್ತಿ, ಹೊಸ ತಟ್ಟೆಯಲ್ಲಿ ಬೇರೆ ಬೇರೆ ಕಡೆ ಗೀಚುತ್ತಾ ಹೋದಳು. ಕೊನೆಯಲ್ಲಿ ಅಂಚಿನ ಆ ಸಣ್ಣದನ್ನೂ ಎತ್ತಿಕೊಂಡು, ಅದಕ್ಕೂ ಒಂದು ಜಾಗ ಕೊಟ್ಟಳು. ದುಂಡಗಿದ್ದದ್ದು ಹಳೆ ತಟ್ಟೆಯಲ್ಲೇ ಉಳಿಯಿತು. ಅವಳು ಅದರ ಮೇಲೆ ಮುಚ್ಚಳ ಹಾಕಿ, ಬೇಯಿಸಿ ಎಸೆಯುವ ಚೀಲಕ್ಕೆ ಇಳಿಸಿದಳು.